ಗುಳೆ ಬಂದ ಕುಟುಂಬಕ್ಕೆ ರೇಷನ್, ಅಂಗನವಾಡಿ, ಶಾಲೆ, ಲೇಬರ್ ಕಾರ್ಡ್: ವಾರ್ಡಿನಲ್ಲಿ ಸಮನ್ವಯ ಮಾಡುವ ಬಗೆ

ಮುಂಗಾರಿ ಬೆಳೆ ಮನೆ ಸೇರಿ ದೀಪಾವಳಿ ಮುಗಿಯುತ್ತಿದ್ದಂತೆ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಕಡೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಪಾತ್ರೆ, ಹಾಸಿಗೆ, ಜೋಳದ ಹಿಟ್ಟು, ಸಣ್ಣ ಮಕ್ಕಳು ಒಂದೇ ರಾತ್ರಿಯಲ್ಲಿ ಸೈಟಿನ ಶೆಡ್ ಸೇರುತ್ತಾರೆ. ಆದರೆ ಆ ಕುಟುಂಬದ ಹೆಸರು ಊರಿನ ನ್ಯಾಯಬೆಲೆ ಅಂಗಡಿ, ಊರಿನ ಅಂಗನವಾಡಿ, ಊರಿನ ಶಾಲೆಯ ಪಟ್ಟಿಗಳಲ್ಲೇ ಉಳಿದಿರುತ್ತದೆ. ಕಾನೂನಿನ ಪ್ರಕಾರ ಬಹುತೇಕ ಸೌಲಭ್ಯಗಳು ಅವರಿಗೆ ಇಲ್ಲಿಯೂ ಸಿಗಬೇಕು. ಸಿಗದೇ ಹೋಗುವುದು ಒಂದು ಇಲಾಖೆಗೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಾಗದ ಕಾರಣಕ್ಕೆ.

ಸಂಸ್ಥೆಯ ಕಾರ್ಯಕರ್ತರು, ಕಾರ್ಮಿಕ ಸಂಘದವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ವಾರ್ಡಿನ ಆಸಕ್ತ ನಾಗರಿಕರು ಯಾರೇ ಈ ಕೆಲಸಕ್ಕೆ ಇಳಿದರೂ ಒಂದು ನಿಯಮ ಮೊದಲೇ ಹಾಕಿಕೊಳ್ಳಿ: ಕುಟುಂಬವನ್ನು ಕಚೇರಿಯಿಂದ ಕಚೇರಿಗೆ ಓಡಿಸಬಾರದು, ಮಾಹಿತಿಯನ್ನು ಓಡಿಸಬೇಕು. ಕೂಲಿಯವರು ಒಮ್ಮೆ ಕಚೇರಿಗೆ ಹೋಗಿ ಬಂದರೆ ಒಂದು ದಿನದ ಪಗಾರ ಹೋಯಿತು. ಎರಡನೇ ಸಲ ‘ನಾಳೆ ಬನ್ನಿ’ ಅನ್ನಿಸಿಕೊಂಡವರು ಮೂರನೇ ಸಲ ಹೋಗುವುದಿಲ್ಲ.

ಯಾವ ಶೆಡ್ ಯಾರ ವ್ಯಾಪ್ತಿ

ಮೊದಲ ಕೆಲಸ ಜನರನ್ನು ಎಣಿಸುವುದಲ್ಲ, ಗಡಿ ಗುರುತಿಸುವುದು. ಒಂದೇ ಶೆಡ್ ಸಾಲು ಅಂಗನವಾಡಿಗೆ ಸಂಬಂಧಿಸಿ ಒಂದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಯೋಜನೆಗೆ ಸೇರಿರುತ್ತದೆ, ಶಾಲೆಗೆ ಸಂಬಂಧಿಸಿ ಒಂದು ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪು), ಲಸಿಕೆಗೆ ಒಂದು ನಗರ ಆರೋಗ್ಯ ಕೇಂದ್ರಕ್ಕೆ, ಕಾರ್ಮಿಕ ನಿರೀಕ್ಷಕರ ಒಂದು ವೃತ್ತಕ್ಕೆ. ಈ ಗಡಿಗಳು ಒಂದರ ಮೇಲೊಂದು ಕೂರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾದ ಮೇಲೆ ಹಳೆಯ ವಾರ್ಡ್ ಸಂಖ್ಯೆ ನಂಬಿಕೊಂಡು ಪತ್ರ ಬರೆದರೆ ಅದು ತಪ್ಪು ಮೇಜಿಗೆ ಹೋಗಿ ಕೂರುತ್ತದೆ. ಹೊರವಲಯದ ಸೈಟುಗಳಲ್ಲಿ ಇನ್ನೊಂದು ತೊಡಕು: ರಸ್ತೆಯ ಈಚೆ ಬದಿ ಪಾಲಿಕೆ, ಆಚೆ ಬದಿ ಗ್ರಾಮ ಪಂಚಾಯಿತಿ.

ಪ್ರತಿ ಶೆಡ್ ಸಾಲಿಗೆ ಒಂದು ಹಾಳೆ ಮಾಡಿ. ಮೇಲೆ ಜಾಗದ ಗುರುತು ಬರೆಯಿರಿ, ಫೋನಿನಲ್ಲಿ ಸಿಗುವ ಮ್ಯಾಪ್ ಪಿನ್ ಸೇರಿಸಿ. ಕೆಳಗೆ ಏಳು ಹೆಸರು, ಏಳು ಫೋನ್: ಹತ್ತಿರದ ಅಂಗನವಾಡಿ ಕಾರ್ಯಕರ್ತೆ ಮತ್ತು ಅವರ ಮೇಲ್ವಿಚಾರಕಿ, ಆಶಾ ಅಥವಾ ಎಎನ್‌ಎಂ (ಮಹಿಳಾ ಆರೋಗ್ಯ ಸಹಾಯಕಿ), ಶಾಲೆಯ ಮುಖ್ಯ ಶಿಕ್ಷಕರು ಇಲ್ಲವೇ ಸಿಆರ್‌ಪಿ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ), ನ್ಯಾಯಬೆಲೆ ಅಂಗಡಿಯವರು, ಕಾರ್ಮಿಕ ನಿರೀಕ್ಷಕರು, ಸೈಟಿನ ಮೇಸ್ತ್ರಿ. ಅಂಗನವಾಡಿ ಕಾರ್ಯಕರ್ತೆ ‘ಆ ಶೆಡ್ ನನ್ನ ಸರ್ವೇಯಲ್ಲಿ ಇಲ್ಲ’ ಅಂದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ, ಅವರು ಹೇಳುವುದು ಹೆಚ್ಚಿನ ಸಲ ನಿಜವೇ. ಮೇಲ್ವಿಚಾರಕಿಯನ್ನು ಒಮ್ಮೆ ಜಾಗಕ್ಕೆ ಕರೆದುಕೊಂಡು ಬಂದು ಶೆಡ್ ಯಾವ ಕೇಂದ್ರಕ್ಕೆ ಸೇರಬೇಕೆಂದು ಅಲ್ಲೇ ತೀರ್ಮಾನ ಮಾಡಿಸಿ, ತೀರ್ಮಾನವನ್ನು ಎರಡು ಸಾಲಿನ ಪತ್ರದಲ್ಲಿ ಪಡೆಯಿರಿ. ಮುಂದಿನ ವರ್ಷ ಕಾರ್ಯಕರ್ತೆ ಬದಲಾದಾಗ ಆ ಎರಡು ಸಾಲು ಕೆಲಸಕ್ಕೆ ಬರುತ್ತದೆ.

ಪಟ್ಟಿ ಮಾಡುವಾಗ

ಹಗಲು ಹತ್ತು ಗಂಟೆಗೆ ಶೆಡ್ಡಿಗೆ ಹೋದರೆ ಸಿಗುವುದು ಚಿಕ್ಕ ಮಕ್ಕಳು, ಅವರನ್ನು ನೋಡಿಕೊಳ್ಳುವ ಹತ್ತು ವರ್ಷದ ಅಕ್ಕ, ಅಷ್ಟೆ. ಬೆಳಿಗ್ಗೆ ಏಳರೊಳಗೆ, ಸಂಜೆ ಆರೂವರೆ ನಂತರ, ಇಲ್ಲವೇ ಭಾನುವಾರ ಹೋಗಿ. ಬಟವಾಡೆ ಆಗುವ ಸಂಜೆ ಮಾತ್ರ ಬೇಡ, ಯಾರ ಗಮನವೂ ನಿಮ್ಮ ಕಡೆ ಇರುವುದಿಲ್ಲ. ಮೇಸ್ತ್ರಿಗೆ ಮೊದಲೇ ತಿಳಿಸಿ ಹೋಗುವುದು ಲೇಸು. ಆದರೆ ಪಟ್ಟಿಯನ್ನು ಮೇಸ್ತ್ರಿಯ ಬಾಯಲ್ಲಿ ಕೇಳಿ ತುಂಬಬೇಡಿ. ಅವನ ಲೆಕ್ಕದಲ್ಲಿ ಆಳುಗಳಿರುತ್ತಾರೆ. ಬಸುರಿ, ಬಾಣಂತಿ, ಕೂಸು ಇರುವುದಿಲ್ಲ.

ಪಟ್ಟಿಗೆ ಬೇಕಾದ ಕಲಮುಗಳು ಇಷ್ಟು: ಮನೆಯ ಹೆಂಗಸಿನ ಹೆಸರು, ಊರು-ತಾಲ್ಲೂಕು-ಜಿಲ್ಲೆ, ಊರಿನಲ್ಲಿ ಉಳಿದವರು ಯಾರು, ಆರು ವರ್ಷದೊಳಗಿನ ಮಕ್ಕಳ ವಯಸ್ಸು ಮತ್ತು ಊರಿನ ಅಂಗನವಾಡಿ, ಶಾಲೆ ವಯಸ್ಸಿನ ಮಕ್ಕಳು ಓದುತ್ತಿದ್ದ ಶಾಲೆ ಮತ್ತು ತರಗತಿ, ಬಸುರಿಯಾಗಿದ್ದರೆ ಎಷ್ಟನೇ ತಿಂಗಳು, ರೇಷನ್ ಕಾರ್ಡಿನ ಬಗೆ, ಎಷ್ಟು ತಿಂಗಳು ಇರುವ ಅಂದಾಜು, ಎರಡು ಫೋನ್ ನಂಬರು. ಎರಡನೇ ನಂಬರು ಊರಿನ ಸಂಬಂಧಿಕರದ್ದಾಗಿರಲಿ. ಗುಳೆ ಬಂದವರ ಸಿಮ್ ರೀಚಾರ್ಜ್ ಮುಗಿದು ನಿಲ್ಲುವುದು ಸಾಮಾನ್ಯ. ಊರಿನ ಅತ್ತೆಯ ನಂಬರು ಅಷ್ಟು ಬೇಗ ಬದಲಾಗುವುದಿಲ್ಲ.

ಆಧಾರ್ ಕಾರ್ಡಿನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಇದನ್ನು ಮೊದಲ ದಿನವೇ ನಿಲ್ಲಿಸಿ. ಪಟ್ಟಿಗೆ ಕೊನೆಯ ನಾಲ್ಕು ಅಂಕೆ ಸಾಕು. ಪೂರ್ತಿ ಸಂಖ್ಯೆ ಬೇಕಾಗುವುದು ಅರ್ಜಿ ಹಾಕುವ ಕ್ಷಣದಲ್ಲಿ, ಆಗ ಕಾರ್ಡ್ ಅವರ ಕೈಯಲ್ಲೇ ಇರುತ್ತದೆ. ಅಸ್ಸಾಂ, ಬಂಗಾಳ ಕಡೆಯ ಕುಟುಂಬಗಳಿದ್ದಲ್ಲಿ ಇನ್ನೂ ಎಚ್ಚರ ಬೇಕು. ಮಗುವಿನ ಲಸಿಕೆಗೆ, ಶಾಲೆಗೆ ‘ನೀವು ಎಲ್ಲಿಯವರು’ ಎಂದು ದಾಖಲೆ ಕೇಳುವ ಅಧಿಕಾರ ಸಮನ್ವಯ ಮಾಡುವವರಿಗಿಲ್ಲ. ಕೇಳಿದ ಮರುದಿನ ಶೆಡ್ ಖಾಲಿಯಾದರೆ ಆಶ್ಚರ್ಯವಿಲ್ಲ.

ಯಾವುದು ಮೊದಲು

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಮೊದಲ ವಾರ ರೇಷನ್, ಬಸುರಿಯರ ತಪಾಸಣೆ, ಚಿಕ್ಕ ಮಕ್ಕಳ ಅಂಗನವಾಡಿ. ಎರಡನೇ ವಾರ ಶಾಲೆ. ಲೇಬರ್ ಕಾರ್ಡ್ ಮೂರು ತಿಂಗಳ ಮಾತು. ಅಂಗನವಾಡಿಯ ನಂತರ ಶಾಲೆ ಎನ್ನುವುದಕ್ಕೆ ಕಾರಣವಿದೆ: ಎರಡು ವರ್ಷದ ತಮ್ಮನಿಗೆ ಜಾಗ ಸಿಗುವ ತನಕ ಒಂಬತ್ತು ವರ್ಷದ ಅಕ್ಕ ಶಾಲೆಗೆ ಹೋಗುವುದಿಲ್ಲ. ಅವಳ ದಾಖಲಾತಿ ಮಾಡಿಸಿ ಫೋಟೊ ತೆಗೆಸಿಕೊಂಡರೂ ಮೂರನೇ ದಿನ ಅವಳು ಶೆಡ್ಡಿನಲ್ಲೇ ಇರುತ್ತಾಳೆ.

ರೇಷನ್

‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಬರುವ ಕಾರ್ಡ್ ಇದ್ದರೆ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಧಾನ್ಯ ಎತ್ತಬಹುದು. ಅದಕ್ಕೆ ಕಾರ್ಡನ್ನು ವರ್ಗಾಯಿಸಬೇಕಿಲ್ಲ, ವಿಳಾಸ ಬದಲಿಸಬೇಕಿಲ್ಲ. ಕಾರ್ಡಿನ ಕಾಗದ ಕೂಡ ಬೇಡ, ಕಾರ್ಡ್ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಗೊತ್ತಿದ್ದರೆ ಸಾಕು. ಆದ್ಯತಾ (ಬಿಪಿಎಲ್) ಕಾರ್ಡಿಗೆ ತಲೆಗೆ 5 ಕಿಲೊ, ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕಿಲೊ. 2023ರ ಜನವರಿಯಿಂದ ಕೇಂದ್ರದ ಈ ಪಾಲು ಪೂರ್ತಿ ಉಚಿತ. ಒಡಿಶಾ, ಬಿಹಾರದ ಕಾರ್ಡಿನವರಿಗೆ ಇಲ್ಲಿ ಸಿಗುವುದು ಈ ಕೇಂದ್ರದ ಪಾಲು ಮಾತ್ರ, ಕರ್ನಾಟಕ ತನ್ನ ಕಾರ್ಡುದಾರರಿಗೆ ಕೊಡುವ ಹೆಚ್ಚುವರಿ ಅವರಿಗಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅಂಗಡಿಯವನು ಮೋಸ ಮಾಡಿದ ಎಂಬ ಜಗಳ ನಿಮ್ಮ ತಲೆಗೆ ಬರುತ್ತದೆ. ರಾಜ್ಯ ತನ್ನ ಖರ್ಚಿನಲ್ಲಿ ಕೊಟ್ಟ, ಕಾಯ್ದೆಯ ಹೊರಗಿನ ಕಾರ್ಡ್ ರಾಜ್ಯದಾಚೆ ನಡೆಯುವುದಿಲ್ಲ.

ಅಂಗಡಿಯಲ್ಲಿ ಕೆಲಸ ಕೆಡುವ ಜಾಗಗಳು ಇವು:

ಬೆರಳು ಹಿಡಿಯದಿರುವುದು. ಸಿಮೆಂಟ್, ಜಲ್ಲಿ, ಇಟ್ಟಿಗೆ ಎತ್ತುವವರ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ. ಕೆಲಸ ಮುಗಿಸಿ ನೇರ ಬಂದವರಿಗೆ ಕೈ ಚೆನ್ನಾಗಿ ತೊಳೆದು ಒರೆಸಲು ಹೇಳಿ, ಹೆಬ್ಬೆರಳು ಬಿಟ್ಟು ಉಂಗುರ ಬೆರಳು, ಕಿರುಬೆರಳು ಪ್ರಯತ್ನಿಸಲಿ. ಆಗಲೂ ಆಗದಿದ್ದರೆ ಕಾರ್ಡಿನಲ್ಲಿ ಹೆಸರಿರುವ ಬೇರೆ ಸದಸ್ಯರು ಒತ್ತಬಹುದು. ಸಾಮಾನ್ಯವಾಗಿ ಮನೆಯ ಹದಿಹರೆಯದ ಮಕ್ಕಳ ಬೆರಳು ಬೇಗ ಹಿಡಿಯುತ್ತದೆ. ಆಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ.

ಪೂರ್ತಿ ಪಾಲು ಎತ್ತಿಬಿಡುವುದು. ಒಂದೇ ಕಾರ್ಡಿನಲ್ಲಿ ಊರಿನ ಮುದುಕರೂ ಇಲ್ಲಿನ ಮಕ್ಕಳೂ ಇದ್ದಾಗ, ಎಷ್ಟು ಪಾಲು ಬೇಕೆಂದು ಬೆರಳು ಒತ್ತುವ ಮೊದಲೇ ಅಂಗಡಿಯವರಿಗೆ ಹೇಳಬೇಕು. ಪೂರ್ತಿ ಎತ್ತಿದಂತೆ ದಾಖಲಾದರೆ ಊರಿನಲ್ಲಿ ಅಜ್ಜಿ ಖಾಲಿ ಚೀಲ ಹಿಡಿದು ವಾಪಸಾಗುತ್ತಾಳೆ. ತಿಂಗಳ ಮೊದಲಲ್ಲಿ ಊರಿಗೆ ಒಂದು ಫೋನ್ ಮಾಡಿ ಯಾರು ಎಷ್ಟು ಎತ್ತುವುದು ಎಂದು ಮಾತಾಡಿಸಿಬಿಡಿ.

‘ಸ್ಟಾಕ್ ಇಲ್ಲ, ನಮ್ಮ ಕಾರ್ಡಿನವರಿಗೇ ಸಾಲದು.’ ಇದು ಯಾವಾಗಲೂ ನೆಪವಲ್ಲ. ಅಂಗಡಿಗೆ ಬರುವ ದಾಸ್ತಾನು ಹಳೆಯ ಲೆಕ್ಕದ ಮೇಲೆ ನಿಂತಿರುತ್ತದೆ. ಇದ್ದಕ್ಕಿದ್ದಂತೆ ಎಂಬತ್ತು ಕುಟುಂಬ ಬಂದರೆ ತಿಂಗಳ ಮಧ್ಯದಲ್ಲೇ ಮುಗಿಯುತ್ತದೆ. ಆದ್ದರಿಂದ ಪಟ್ಟಿ ಸಿದ್ಧವಾದ ಕೂಡಲೇ ಆಹಾರ ನಿರೀಕ್ಷಕರಿಗೆ ಅಂದಾಜು ಕಾರ್ಡು, ಅಂದಾಜು ಕಿಲೊ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕುಟುಂಬಗಳನ್ನು ಎರಡು ಮೂರು ಅಂಗಡಿಗೆ ಹಂಚಿ ಕಳಿಸುವುದು ಇನ್ನೂ ಒಳ್ಳೆಯದು. ನಿಜವಾಗಿಯೂ ನಿರಾಕರಿಸಿದರೆ 1967ಕ್ಕೆ, ಹೊರರಾಜ್ಯದ ಕಾರ್ಡಾದರೆ 14445ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು, ಇದು ಬಹಳ ಜನ ತಪ್ಪುವ ಜಾಗ. ‘ಇಲ್ಲೇ ಹೊಸ ಕಾರ್ಡ್ ಮಾಡಿಸಿಬಿಡೋಣ’ ಎಂದು ಊರಿನ ಕಾರ್ಡಿನಿಂದ ಹೆಸರು ತೆಗೆಸುವ ಸಲಹೆ ಕೊಡಬೇಡಿ. ಗೃಹಲಕ್ಷ್ಮಿ ಹಣ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಹೆಂಗಸಿನ ಖಾತೆಗೆ ಬರುತ್ತದೆ. ಕಾರ್ಡ್ ಒಡೆದರೆ ಹೊಸದು ಬರುವುದು ಯಾವಾಗಲೋ, ಹಳೆಯದು ಮಾತ್ರ ತಕ್ಷಣ ನಿಲ್ಲುತ್ತದೆ. ತಿಂಗಳುಗಟ್ಟಲೆ ಎತ್ತದೆ ಬಿಟ್ಟ ಕಾರ್ಡೂ ಅಮಾನತಾಗಬಹುದು, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗದ ಸದಸ್ಯರ ಪಾಲು ಕಡಿತವಾಗಬಹುದು. ಇ-ಕೆವೈಸಿ ಬಾಕಿ ಇದ್ದವರನ್ನು ರೇಷನ್ ಎತ್ತಲು ಹೋದ ದಿನವೇ ಅಲ್ಲೇ ಮುಗಿಸಿಕೊಂಡು ಬರುವಂತೆ ಕಳಿಸಿ.

ಬಸುರಿ, ಬಾಣಂತಿ, ಕೂಸು

ಅಂಗನವಾಡಿಗೆ ರೇಷನ್ ಕಾರ್ಡ್ ಬೇಡ, ಬಾಡಿಗೆ ಕರಾರು ಬೇಡ. ಆರು ತಿಂಗಳಿಂದ ಆರು ವರ್ಷದ ಮಕ್ಕಳು, ಬಸುರಿಯರು, ಬಾಣಂತಿಯರು ಎಲ್ಲರೂ ಅರ್ಹರು. ತೊಡಕಾಗುವುದು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ. ಊರಿನ ಕೇಂದ್ರದಲ್ಲಿ ಹೆಸರು ಇದ್ದರೆ ಇಲ್ಲಿ ಹೊಸದಾಗಿ ಸೇರಿಸಲು ಬರುವುದಿಲ್ಲ. ಆ್ಯಪ್‌ನಲ್ಲೇ ಫಲಾನುಭವಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ ಇದೆ, ಅದಕ್ಕೆ ಊರಿನ ಕಾರ್ಯಕರ್ತೆಯ ಸಹಕಾರ ಬೇಕು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಊರಿನ ಅಂಗನವಾಡಿಯ ಹೆಸರು ಇರಲೇಬೇಕು. ಇಲ್ಲಿನ ಕಾರ್ಯಕರ್ತೆಯಿಂದಲೇ ಊರಿನ ಕಾರ್ಯಕರ್ತೆಗೆ ಫೋನ್ ಮಾಡಿಸಿ. ನೀವು ಮಾಡಿದರೆ ‘ಇವರು ಯಾರು’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ವರ್ಗಾವಣೆ ಮುಗಿಯುವ ತನಕ ಮಗು ಕೇಂದ್ರಕ್ಕೆ ಬರಲಿ, ಊಟ ಮಾಡಲಿ ಎಂದು ಮೇಲ್ವಿಚಾರಕಿಯ ಬಾಯಲ್ಲಿ ಹೇಳಿಸಿ. ಅದಿಲ್ಲದೆ ಕಾರ್ಯಕರ್ತೆಗೆ ಧಾನ್ಯದ ಲೆಕ್ಕ ಹೊಂದಿಸುವ ಭಯ.

ಹತ್ತಿರದಲ್ಲಿ ಕೇಂದ್ರವೇ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ 2006ರ ಡಿಸೆಂಬರ್ ಆದೇಶ ನೆನಪಿಡಿ: ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ, ಅಂಗನವಾಡಿ ಇಲ್ಲದ ನೆಲೆಯವರು ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು. ಬೇಡಿಕೆ ಪತ್ರಕ್ಕೆ 40 ಮಕ್ಕಳ ಹೆಸರು, ವಯಸ್ಸು, ತಾಯಂದಿರ ಸಹಿ ಲಗತ್ತಿಸಿ ಸಿಡಿಪಿಒಗೆ ಕೊಡಿ. ಆದರೆ ಸೈಟು ಎಂಟು ತಿಂಗಳಲ್ಲಿ ಮುಗಿಯುವುದಾದರೆ ಇದರ ಬೆನ್ನು ಹತ್ತಬೇಡಿ. ಬಿಲ್ಡರ್ ಬಳಿ ಒಂದು ಕೋಣೆ ಕೇಳುವುದು ಬೇಗ ಆಗುತ್ತದೆ. 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದಲೇ ನಡೆದುಬಂದಿದೆ. ಹೀಗಾಗಿ ಕೇಳುವುದು ದಾನವಲ್ಲ. ಅಂಗನವಾಡಿ ನಾಲ್ಕರ ಸುಮಾರಿಗೆ ಮುಚ್ಚುತ್ತದೆ, ಸೈಟ್ ಬಿಡುವುದು ಆರಕ್ಕೆ. ಈ ಎರಡು ಗಂಟೆಯ ವ್ಯವಸ್ಥೆ ಆಗದೆ ತಾಯಂದಿರು ಮಗುವನ್ನು ಕಳಿಸುವುದಿಲ್ಲ.

ಬಸುರಿಯ ‘ತಾಯಿ ಕಾರ್ಡ್’ (ತಪಾಸಣೆಗಳನ್ನು ಬರೆಯುವ ಪುಸ್ತಕ) ಬಹಳ ಸಲ ಊರಿನ ಟ್ರಂಕಿನಲ್ಲೇ ಇರುತ್ತದೆ. ಊರಿನ ಆಶಾ ಅಥವಾ ಮನೆಯವರಿಂದ ಕಾರ್ಡಿನ ಎಲ್ಲ ಪುಟಗಳ ಫೋಟೊ ಆ ಹೆಂಗಸಿನ ಫೋನಿಗೇ ತರಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ಮೊದಲ ಭೇಟಿಗೆ ಆ ದಿನ ಒಳ್ಳೆಯದು, ಒಬ್ಬರ ಬದಲು ಐದಾರು ಜನ ಒಟ್ಟಿಗೆ ಹೋಗಬಹುದು. ಏಳನೇ ತಿಂಗಳು ದಾಟಿದವರಿಗೆ ಒಂದೇ ಪ್ರಶ್ನೆ: ಹೆರಿಗೆ ಇಲ್ಲೋ, ತವರಿನಲ್ಲೋ? ಉತ್ತರದ ಮೇಲೆ ಇಲ್ಲಿನ ಆಸ್ಪತ್ರೆಯ ನೋಂದಣಿ ಅಥವಾ ಊರಿನ ಆಶಾಗೆ ಸುದ್ದಿ. ಎರಡೂ ಆಗದ ಹೆಂಗಸು ಕೊನೆಗೆ 108ರಲ್ಲಿ, ಗುರುತು ಪರಿಚಯವಿಲ್ಲದ ಆಸ್ಪತ್ರೆ ತಲುಪುತ್ತಾಳೆ.

ಲಸಿಕೆಯ ಕಾರ್ಡ್ ಕಳೆದುಹೋಗಿದ್ದರೆ ಮೊದಲು ತಾಯಿಯ ಫೋನ್ ನಂಬರಿನಿಂದ ಲಸಿಕೆ ದಾಖಲೆಯ ಸರ್ಕಾರಿ ಪೋರ್ಟಲ್ ಯು-ವಿನ್‌ನಲ್ಲಿ ಹುಡುಕಿಸಿ. ಅಲ್ಲಿಯೂ ಇಲ್ಲದಿದ್ದರೆ ದಾಖಲೆ ಇಲ್ಲ ಎಂಬ ಕಾರಣಕ್ಕೆ ಕಾಯಿಸುವುದು ಬೇಡ. ಎಎನ್‌ಎಂ ವಯಸ್ಸಿಗೆ ತಕ್ಕ ಲಸಿಕೆ ಶುರು ಮಾಡುತ್ತಾರೆ. ವಯಸ್ಸಿನ ಮಿತಿ ಮಾತ್ರ ಗಮನದಲ್ಲಿರಲಿ. ಬಿಸಿಜಿ ಒಂದು ವರ್ಷದೊಳಗೆ, ಪೆಂಟಾವೇಲೆಂಟ್‌ನ ಮೊದಲ ಡೋಸ್ ಒಂದು ವರ್ಷದೊಳಗೆ ಶುರುವಾಗಬೇಕು, ದಡಾರ-ರುಬೆಲ್ಲಾ ಐದು ವರ್ಷದ ತನಕ ಕೊಡಬಹುದು. ಹನ್ನೊಂದು ತಿಂಗಳ ಕೂಸು ಪಟ್ಟಿಯಲ್ಲಿದ್ದರೆ ಅದು ಆ ವಾರದ ಕೆಲಸ. ಹೆಚ್ಚಿನ ಕೇಂದ್ರಗಳಲ್ಲಿ ಲಸಿಕೆ ಗುರುವಾರ, ಗುರುವಾರ ತಾಯಿ ಕೆಲಸದಲ್ಲಿರುತ್ತಾಳೆ. ಮೂವತ್ತು ಮಕ್ಕಳಿರುವ ಶೆಡ್ಡಿಗೆ ಆರೋಗ್ಯ ಕೇಂದ್ರದಿಂದ ತಿಂಗಳಿಗೊಮ್ಮೆ ಹೊರಶಿಬಿರ ಕೇಳಿ. ಹೆಸರು-ವಯಸ್ಸು-ಬಾಕಿ ಲಸಿಕೆಯ ಪಟ್ಟಿ ಕೈಯಲ್ಲಿದ್ದರೆ ವೈದ್ಯಾಧಿಕಾರಿ ಒಪ್ಪುತ್ತಾರೆ, ಪಟ್ಟಿಯಿಲ್ಲದ ಬೇಡಿಕೆಗೆ ಒಪ್ಪುವುದು ಕಷ್ಟ.

ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ ಅಳೆಯಿಸಿ: 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ವೈದ್ಯರಿಗೆ ತೋರಿಸಲೇಬೇಕು. ಪೌಷ್ಟಿಕ ಪುನರ್ವಸತಿ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ. ತಾಯಿ ಬೇಡ ಎನ್ನುವುದು ಅಜ್ಞಾನದಿಂದಲ್ಲ; ಹದಿನಾಲ್ಕು ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿಗೆ ಮುಂಗಡದ ಬಾಕಿಯಿದೆ, ಶೆಡ್ಡಿನಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ. ಕೇಂದ್ರದಲ್ಲಿ ತಾಯಿಗೆ ಸಿಗುವ ದಿನಭತ್ಯೆ ಎಷ್ಟೆಂದು ವಿಚಾರಿಸಿ ಮೊದಲೇ ತಿಳಿಸಿ, ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂದು ಗೊತ್ತು ಮಾಡಿ, ಮೇಸ್ತ್ರಿಯ ಜೊತೆ ನೀವೇ ಮಾತಾಡಿ.

ಕ್ಷಯದ ಔಷಧಿ ತೆಗೆದುಕೊಳ್ಳುತ್ತಿರುವವರಿದ್ದರೆ ಅವರ ನಿಕ್ಷಯ್ ಸಂಖ್ಯೆ (ಸರ್ಕಾರದ ಕ್ಷಯರೋಗಿಗಳ ದಾಖಲೆಯಲ್ಲಿನ ಗುರುತು) ಕೇಳಿ. ಅದೇ ಸಂಖ್ಯೆಯಲ್ಲಿ ಚಿಕಿತ್ಸೆ ಇಲ್ಲಿನ ಕೇಂದ್ರಕ್ಕೆ ವರ್ಗವಾಗುತ್ತದೆ, ತಿಂಗಳಿಗೆ 1,000 ರೂಪಾಯಿ ಪೋಷಣಾ ನೆರವೂ ಮುಂದುವರಿಯುತ್ತದೆ. ಹೊಸ ಸಂಖ್ಯೆ ಮಾಡಿಸಿದರೆ ಹಳೆಯ ಕಡೆ ‘ಚಿಕಿತ್ಸೆ ಬಿಟ್ಟವರು’ ಎಂದು ದಾಖಲಾಗುತ್ತದೆ. ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪತ್ರವಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದವರು ಬಿಲ್ ಹಿಡಿದು ನಿಂತ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಶಾಲೆ: ಟಿಸಿ ಮತ್ತು ಸ್ಯಾಟ್ಸ್

ಶಿಕ್ಷಣ ಹಕ್ಕು ಕಾಯ್ದೆ 2009 ಇಲ್ಲಿ ಸ್ಪಷ್ಟ. ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (5ನೇ ಕಲಂ), ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14ನೇ ಕಲಂ), ವರ್ಷದ ನಡುವೆ ಬಂದರೂ ಸೇರಿಸಬೇಕು (15ನೇ ಕಲಂ). ವಲಸೆ ಕುಟುಂಬದ ಮಕ್ಕಳ ಪ್ರವೇಶ ಸ್ಥಳೀಯ ಸಂಸ್ಥೆಯ ಹೊಣೆ ಎಂದು 9ನೇ ಕಲಮಿನಲ್ಲೇ ಬರೆದಿದೆ. ಮುಖ್ಯ ಶಿಕ್ಷಕರ ಮುಂದೆ ಕಾಯ್ದೆ ಓದುವುದರಿಂದ ಪ್ರಯೋಜನವಿಲ್ಲ, ಅವರಿಗೂ ಗೊತ್ತಿದೆ. ಅವರ ಸಂಕಟ ಬೇರೆ: ಮಗುವಿನ ಹೆಸರು ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಊರಿನ ಶಾಲೆಯಲ್ಲಿದೆ. ಅಲ್ಲಿ ಟಿಸಿ ಕೊಟ್ಟು ಬಿಡುಗಡೆ ಮಾಡದೆ ಇಲ್ಲಿ ಸೇರುವುದಿಲ್ಲ. ಸೇರದ ಮಗುವಿಗೆ ಬಿಸಿಯೂಟದ ಲೆಕ್ಕವಿಲ್ಲ, ಪುಸ್ತಕವಿಲ್ಲ. ಊರಿನ ಮುಖ್ಯ ಶಿಕ್ಷಕರೂ ಸುಮ್ಮನೆ ತಡೆ ಹಿಡಿದಿರುವುದಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಮಗು ಜೂನ್‌ನಲ್ಲಿ ವಾಪಸ್ ಬರುವುದೂ ಅವರಿಗೆ ಗೊತ್ತು.

ಹಾಗಾಗಿ ಮೊದಲು ಕುಟುಂಬ ಎಷ್ಟು ದಿನ ಇರುತ್ತದೆ ಎಂದು ನೋಡಿ.

ಮೂರು–ನಾಲ್ಕು ತಿಂಗಳಿಗೆ ಬಂದಿದ್ದರೆ ಟಿಸಿ ಕೇಳಲೇಬೇಡಿ. ಮಗು ಇಲ್ಲಿನ ಶಾಲೆಯಲ್ಲಿ ಕೂರಲಿ, ಹಾಜರಾತಿ ಪ್ರತ್ಯೇಕ ಪುಸ್ತಕದಲ್ಲಿರಲಿ. ಸಿಆರ್‌ಪಿ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಊಟಕ್ಕೆ ಒಪ್ಪಿಗೆ ಪಡೆಯಿರಿ, ಕ್ಲಸ್ಟರಿನಲ್ಲಿ ಉಳಿದ ಪಠ್ಯಪುಸ್ತಕ ಇದ್ದರೆ ಕೊಡಿಸಿ. ರಾಜ್ಯದೊಳಗಿನ ಮಗುವಾದರೆ ಪಠ್ಯ ಒಂದೇ, ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿಯಬಹುದು. ಹೊರಡುವಾಗ ಹಾಜರಾತಿ ದೃಢೀಕರಣ ಪತ್ರ ಕೊಟ್ಟು ಕಳಿಸಿ. ಊರಿನ ಶಾಲೆ ಆ ದಿನಗಳನ್ನು ಗೈರು ಎಂದು ಬರೆದುಕೊಳ್ಳದಂತೆ ಎರಡೂ ಕಡೆಯ ಮುಖ್ಯ ಶಿಕ್ಷಕರು ನವೆಂಬರ್‌ನಲ್ಲೇ ಫೋನಿನಲ್ಲಿ ಮಾತಾಡಿಕೊಂಡಿರಬೇಕು. ವಾರ್ಷಿಕ ಪರೀಕ್ಷೆ ಮಾರ್ಚ್‌ನಲ್ಲಿ ಬರುತ್ತದೆ. ಮಗು ಎಲ್ಲಿ ಬರೆಯುತ್ತದೆ ಎಂಬುದು ಜನವರಿಯೊಳಗೆ ಇತ್ಯರ್ಥವಾಗಿರಲಿ.

ವರ್ಷ ಪೂರ್ತಿ ಇಲ್ಲೇ ಇರುವವರಾದರೆ ಟಿಸಿ ತರಿಸಿ ಸ್ಯಾಟ್ಸ್ ವರ್ಗಾವಣೆ ಮಾಡಿಸಿ. ಫೋನಿನಲ್ಲಿ ಆಗದಿದ್ದರೆ ಇಲ್ಲಿನ ಬಿಇಒ ಅಲ್ಲಿನ ಬಿಇಒಗೆ ಇಮೇಲ್ ಮಾಡಲಿ, ಮಗುವಿನ ಸ್ಯಾಟ್ಸ್ ಸಂಖ್ಯೆ ಅದರಲ್ಲಿರಲಿ. ತಂದೆಯನ್ನು ಟಿಸಿಗಾಗಿ ಲಿಂಗಸುಗೂರಿಗೆ ಬಸ್ ಹತ್ತಿಸುವುದು ಕೊನೆಯ ದಾರಿ.

ಒಡಿಯಾ, ಬಂಗಾಳಿ, ಅಸ್ಸಾಮಿ ಮಾತಾಡುವ ಮಕ್ಕಳನ್ನು ಭಾಷೆ ಬರುವುದಿಲ್ಲವೆಂದು ಹತ್ತು ವರ್ಷದವರನ್ನೂ ಒಂದನೇ ತರಗತಿಗೆ ಕೂರಿಸುತ್ತಾರೆ. ಆ ಮಗು ವಾರದಲ್ಲಿ ಶಾಲೆ ಬಿಡುತ್ತದೆ. ಕಾಯ್ದೆಯ 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿ, ಅದರ ಜೊತೆ ವಿಶೇಷ ತರಬೇತಿ. ಮೊದಲ ತಿಂಗಳು ಕನ್ನಡ ಮಾತು ಕಲಿಯಲು ಬಿಡಿ, ಲೆಕ್ಕ ಹೇಗೂ ನಡೆಯುತ್ತದೆ.

ಇದೆಲ್ಲಕ್ಕಿಂತ ಒಳ್ಳೆಯದು ಮಗು ಊರಿನಲ್ಲೇ ಉಳಿಯುವುದು. ಸಮಗ್ರ ಶಿಕ್ಷಣದಡಿ ಗುಳೆ ಹೋಗುವ ತಾಲ್ಲೂಕುಗಳಲ್ಲಿ ಹಂಗಾಮಿ ವಸತಿ ವ್ಯವಸ್ಥೆ ನಡೆಸಲು ಅವಕಾಶವಿದೆ. ಅದಕ್ಕೆ ಮಕ್ಕಳ ಪಟ್ಟಿ ದಸರೆ ರಜೆಗೆ ಮೊದಲೇ ಬಿಇಒ ಕಚೇರಿಯಲ್ಲಿರಬೇಕು. ಈ ವರ್ಷ ಇಲ್ಲಿ ಮಾಡಿದ ಪಟ್ಟಿಯೇ ಮುಂದಿನ ವರ್ಷ ಅಲ್ಲಿಗೆ ಬೇಕಾದ ಪಟ್ಟಿ.

ಲೇಬರ್ ಕಾರ್ಡ್

ಜನ ಇ-ಶ್ರಮ್ ಕಾರ್ಡನ್ನೂ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡನ್ನೂ ‘ಲೇಬರ್ ಕಾರ್ಡ್’ ಎಂದೇ ಕರೆಯುತ್ತಾರೆ. ಎರಡೂ ಬೇರೆ. ಇ-ಶ್ರಮ್ ಕೇಂದ್ರದ್ದು, 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಹತ್ತು ನಿಮಿಷದ ಕೆಲಸ, ಉಚಿತ. ಮಂಡಳಿಯದು ರಾಜ್ಯದ್ದು, 18ರಿಂದ 60 ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆರಿಗೆ, ಚಿಕಿತ್ಸೆ, ಮಕ್ಕಳ ಓದು, ಅಪಘಾತದ ನೆರವು ಬರುವುದು ಎರಡನೆಯದರಿಂದ. ಹೊರರಾಜ್ಯದ ಆಧಾರ್ ವಿಳಾಸ ಇದಕ್ಕೆ ಅಡ್ಡಿಯಲ್ಲ.

ಸಿಕ್ಕಿಬೀಳುವುದು 90 ದಿನದ ದೃಢೀಕರಣದಲ್ಲಿ. ಗುತ್ತಿಗೆದಾರ ಸಹಿ ಹಾಕಲು ಹೆದರುತ್ತಾನೆ, ಹಾಕಿದರೆ ‘ಇವರು ನನ್ನ ಆಳು’ ಎಂದು ಒಪ್ಪಿದಂತೆ. ನೋಂದಾಯಿತ ಕಾರ್ಮಿಕ ಸಂಘದಿಂದ, ಇಲ್ಲವೇ ಕಾರ್ಮಿಕ ನಿರೀಕ್ಷಕರ ಪರಿಶೀಲನೆಯಿಂದಲೂ ದೃಢೀಕರಣ ಪಡೆಯಲು ದಾರಿಯಿದೆ. ಬೋಗಸ್ ಕಾರ್ಡುಗಳ ಗಲಾಟೆಯ ನಂತರ ತಪಾಸಣೆ ಬಿಗಿಯಾಗಿರುವುದರಿಂದ ಹಾಜರಿ ಚೀಟಿ, ಕೂಲಿ ಬಂದ ಫೋನ್‌ಪೇ ದಾಖಲೆ, ಸೈಟಿನ ಬೋರ್ಡ್ ಕಾಣುವಂತೆ ತೆಗೆದ ಫೋಟೊ ಮೊದಲ ದಿನದಿಂದಲೇ ಕೂಡಿಡಲಿ. ಆನ್‌ಲೈನ್ ಅಂಗಡಿಗಳಲ್ಲಿ ಸುಳ್ಳು ದೃಢೀಕರಣ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಆ ಕಾರ್ಡ್ ರದ್ದಾದಾಗ ನಿಜವಾದ ಕೂಲಿಯವರ ಮೇಲೇ ಅನುಮಾನ ಬೀಳುತ್ತದೆ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಸೈಟಿನಲ್ಲಿ ಅಪಘಾತವಾದರೆ ಕಾರ್ಡ್ ಇಲ್ಲವೆಂದು ಸುಮ್ಮನಾಗಬೇಡಿ. 1923ರ ಕಾಯ್ದೆಯಿಂದ ಬಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದ ಪರಿಹಾರದ ಹಕ್ಕು ಕಾರ್ಡ್ ಇಲ್ಲದವರಿಗೂ ಇದೆ, ಅರ್ಜಿಗೆ ಎರಡು ವರ್ಷದ ಅವಧಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಸುವುದನ್ನು ಮಾತ್ರ ಅದೇ ದಿನ ಮಾಡಬೇಕು. ‘ಮನೆಯಲ್ಲಿ ಜಾರಿ ಬಿದ್ದರು’ ಎಂದು ಒಮ್ಮೆ ಬರೆಸಿಬಿಟ್ಟರೆ ಮುಂದೆ ಎಲ್ಲವೂ ಅದರ ವಿರುದ್ಧದ ಹೋರಾಟ. ಉಚಿತ ಕಾನೂನು ನೆರವಿಗೆ 15100.

ತಿಂಗಳ ಸಭೆ

ಸಂಸ್ಥೆಯವರು ಕರೆದ ಸಭೆಗೆ ಇಲಾಖೆಯವರು ಬರುವುದಿಲ್ಲ, ಬಂದರೂ ತೀರ್ಮಾನ ಮಾಡಬಲ್ಲವರು ಬರುವುದಿಲ್ಲ. ಸಭೆಯ ನೋಟಿಸ್ ತಹಶೀಲ್ದಾರರಿಂದ ಅಥವಾ ಪಾಲಿಕೆಯ ಅಧಿಕಾರಿಯಿಂದ ಹೋಗಬೇಕು; ನೋಟಿಸಿನ ಕರಡು, ಹಾಜರಾಗಬೇಕಾದವರ ಪಟ್ಟಿ ನೀವು ತಯಾರಿಸಿ ಕೊಡಿ. 45 ನಿಮಿಷ ಸಾಕು. ವರದಿ ಓದಬೇಡಿ, ಭಾಷಣ ಬೇಡ. ಮೇಜಿನ ಮೇಲೆ ಒಂದೇ ಹಾಳೆ: ಬಾಕಿ ಉಳಿದ ಹೆಸರುಗಳು, ಪ್ರತಿ ಹೆಸರಿನ ಮುಂದೆ ಯಾವ ಸೇವೆ, ಎಂದು ಅರ್ಜಿ ಕೊಟ್ಟದ್ದು, ಈಗ ಯಾರ ಬಳಿ ಇದೆ. ‘ಮಕ್ಕಳಿಗೆ ಶಾಲೆ ಸಿಗುತ್ತಿಲ್ಲ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಈ ಏಳು ಮಕ್ಕಳ ಬಿಡುಗಡೆ ದೇವದುರ್ಗ ತಾಲ್ಲೂಕಿನ ಎರಡು ಶಾಲೆಗಳಲ್ಲಿ ನಿಂತಿದೆ’ ಎಂದರೆ ಬಿಇಒ ಕಚೇರಿಯವರು ಅಲ್ಲೇ ಫೋನ್ ಎತ್ತುತ್ತಾರೆ. ಎರಡು ಸಭೆ ದಾಟಿಯೂ ಕದಲದ ಹೆಸರುಗಳನ್ನು ಸರ್ಕಾರದ ಕುಂದುಕೊರತೆ ಸಹಾಯವಾಣಿ 1902 ಜನಸ್ಪಂದನದಲ್ಲಿ ದಾಖಲಿಸಿ.

ಕೆಲಸ ಮುಗಿಯಿತು ಎಂದು ಗುರುತು ಹಾಕುವುದು ಅರ್ಜಿ ಕೊಟ್ಟಾಗ ಅಲ್ಲ. ಅಕ್ಕಿ ಚೀಲ ಶೆಡ್ಡಿಗೆ ಬಂದಾಗ, ಮಗು ಸತತ ಎರಡು ವಾರ ಶಾಲೆಗೆ ಹೋದಾಗ.

ಕಾಫಿ ತೋಟ, ಕಬ್ಬಿನ ಗದ್ದೆ

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ವಾರ್ಡಿನ ಲೆಕ್ಕ ನಡೆಯುವುದಿಲ್ಲ. ಕಾರ್ಮಿಕರ ಲೈನ್ ಮನೆಗಳು ಒಂದಕ್ಕೊಂದು ದೂರ, ಒಳಗೆ ಹೋಗಲು ರೈಟರ (ತೋಟದ ಮೇಲ್ವಿಚಾರಕರ) ಒಪ್ಪಿಗೆ ಬೇಕು. ಅಲ್ಲಿ ಹತ್ತಿರದ ಸಂತೆಯ ದಿನವೇ ನಿಮ್ಮ ಕಚೇರಿ. ಲಸಿಕೆ, ರೇಷನ್ ವಿಚಾರಣೆ ಎಲ್ಲವನ್ನೂ ಸಂತೆಯ ಪಕ್ಕ ಒಂದು ಮೇಜು ಹಾಕಿ ಮಾಡಿ. ಕಬ್ಬು ಕಡಿಯುವ ಗ್ಯಾಂಗುಗಳು ಇನ್ನೂ ಕಷ್ಟ, ಕೆಲವೇ ದಿನಕ್ಕೆ ಹೊಲ ಬದಲಾಗುತ್ತದೆ. ಇವತ್ತು ಯಾವ ಗ್ಯಾಂಗ್ ಎಲ್ಲಿದೆ ಎಂಬುದು ಗೊತ್ತಿರುವುದು ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಮತ್ತು ಕಾರ್ಖಾನೆಯ ಫೀಲ್ಡ್‌ಮನ್‌ಗೆ. ಅವರ ಕಡಿತದ ಪಾಳಿಯ ಪಟ್ಟಿ ಸಿಕ್ಕರೆ ಅದನ್ನೇ ಸಂಚಾರಿ ಆರೋಗ್ಯ ತಂಡಕ್ಕೆ ಕೊಡಿ.

ಹೊರಡುವ ಮೊದಲು

ಯುಗಾದಿ ಹತ್ತಿರ ಬಂದಂತೆ ಕೆಲವರು, ಮಳೆ ಬಿದ್ದ ಸುದ್ದಿ ಕೇಳಿ ಉಳಿದವರು ಹೊರಡುತ್ತಾರೆ. ಬರುವಾಗ ಮಾಡಿದ ಕೆಲಸವನ್ನೆಲ್ಲ ಆಗ ತಿರುಗಿಸಿ ಮಾಡಬೇಕು: ಪೋಷಣ್ ಟ್ರ್ಯಾಕರ್ ವಾಪಸ್ ವರ್ಗ, ಶಾಲೆಯ ಹಾಜರಾತಿ ಪತ್ರ, ಲಸಿಕೆ ಕಾರ್ಡಿನ ಫೋಟೊ, ತಾಯಿ ಕಾರ್ಡಿನಲ್ಲಿ ಕೊನೆಯ ತಪಾಸಣೆಯ ನಮೂದು, ನಿಕ್ಷಯ್ ವರ್ಗಾವಣೆ. ಮಾರ್ಚ್ ಮೊದಲ ವಾರದಲ್ಲೇ ಶುರು ಮಾಡಿ, ಯಾಕೆಂದರೆ ಹೊರಡುವ ದಿನವನ್ನು ಯಾರೂ ಮೊದಲೇ ಹೇಳುವುದಿಲ್ಲ. ಮುಂಗಡದ ಜಗಳವಾದರೆ ರಾತ್ರೋರಾತ್ರಿ ಹೋಗುತ್ತಾರೆ, ಊರಿಗಲ್ಲ, ನಗರದ ಇನ್ನೊಂದು ಮೂಲೆಯ ಸೈಟಿಗೆ. ಅಂಥ ಕುಟುಂಬದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಊರಿನ ಎರಡನೇ ನಂಬರಿಗೆ ಕರೆ ಮಾಡಿ ಈಗ ಎಲ್ಲಿದ್ದಾರೆ ಎಂದು ಕೇಳಿ, ಅವರು ಒಪ್ಪಿದರೆ ಆ ಭಾಗದಲ್ಲಿ ಕೆಲಸ ಮಾಡುವವರಿಗೆ ಆ ಒಂದು ಸಾಲನ್ನು ದಾಟಿಸಿ. ಹೊಸ ಮೇಸ್ತ್ರಿಯ ಹೆಸರು ಮಾತ್ರ ಹಳೆಯ ಮೇಸ್ತ್ರಿಗೆ ಗೊತ್ತಾಗಬಾರದು.